ಹಳೇ ಪಿಕಪ್ ಎಡಕ್ಕೆ ವಾಲುತ್ತಿದೆ, 18 ಸಾವಿರದಲ್ಲಿ ಪಾಟಾ ಕೆಲಸ ಮುಗಿಯುತ್ತದಾ?

ಬೇಲೆಕೇರಿ ಪಿಕಪ್
ಎಲ್ಲರಿಗೂ ನಮಸ್ಕಾರ. ನನ್ನದು 2009ರ ಪಿಕಪ್. ಮುಂದೂ ಹಿಂದೂ ಪಾಟಾ (ಉಕ್ಕಿನ ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಇರುವ ಮಾಡೆಲ್. ಸೀಸನ್‌ನಲ್ಲಿ ತದಡಿ ಮತ್ತು ಕಾರವಾರದ ಬೈತಖೋಲ್‌ನಿಂದ ಮೀನು ಹೇರಿಕೊಂಡು ಶಿರಸಿ, ಯಲ್ಲಾಪುರಕ್ಕೆ ಹೋಗುತ್ತೇನೆ. ವಾಪಸ್ ಬರುವಾಗ ಬಾಳೆಗೊನೆಯೋ ತರಕಾರಿಯೋ, ಸಿಕ್ಕಿದ್ದು ತರುತ್ತೇನೆ. ಮನೆ ನಡೆಯುವುದು ಇದೇ ಗಾಡಿಯಿಂದ.

ಆರು ತಿಂಗಳಿಂದ ಗಾಡಿ ಎಡಕ್ಕೆ ವಾಲುತ್ತಿದೆ. ಖಾಲಿ ಇದ್ದಾಗಲೂ ಗೊತ್ತಾಗುತ್ತದೆ. ಲೋಡ್ ಇದ್ದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಹಿಂದಿನ ಭಾಗ ಒಂದು ಕ್ಷಣ ತಡವಾಗಿ ತಿರುಗಿದ ಹಾಗೆ ಆಗುತ್ತದೆ. ಗುಂಡಿಗೆ ಬಿದ್ದರೆ ಹಿಂದೆ ಎಡಗಡೆ ಟಣ್ ಅಂತ ಸದ್ದು. ಇನ್ನೊಂದು ವಿಚಿತ್ರ: ನೇರ ಹೋಗಬೇಕಾದರೆ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಹಿಡಿದೇ ಇರಬೇಕು.

ಎರಡು ಕಡೆ ತೋರಿಸಿದೆ. ಒಬ್ಬರು ಎರಡೂ ಬದಿಗೆ ಒಂದೊಂದು ಹೆಚ್ಚಿನ ಬ್ಲೇಡ್ ಹಾಕಿ ಎತ್ತಿಬಿಡೋಣ, 5,500 ಕೊಡಿ ಅಂದರು. ಇನ್ನೊಬ್ಬರು ಮುಂದೆ ಹಿಂದೆ ಎಲ್ಲಾ ಪಾಟಾ ಸೆಟ್, ನಾಲ್ಕೂ ಶಾಕ್ ಅಬ್ಸರ್ಬರ್ ಬದಲಿಸಬೇಕು, 42 ಸಾವಿರ ಅಂದರು. ನನ್ನ ಹತ್ತಿರ ಇರುವುದು 18 ಸಾವಿರ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನದಲ್ಲಿ ಗಾಡಿ ನಿಲ್ಲಿಸಬಹುದು. ಯಾವುದು ಮೊದಲು ಮಾಡಿಸಲಿ?

ಕೆಎ 31 ಸವಾರಿ
ಬ್ಲೇಡ್ ಹಾಕಿಸಿ ಅಣ್ಣ. ನನ್ನ ಗಾಡಿಗೆ ಹಾಕಿಸಿ ನಾಲ್ಕು ವರ್ಷ ಆಯಿತು, ಏನೂ ಆಗಿಲ್ಲ.

ಕುಮಟಾ ಪಾನಾ
ದಯವಿಟ್ಟು ಈಗಲೇ ಬ್ಲೇಡ್ ಹಾಕಿಸಬೇಡಿ. ಏನು ಹಾಳಾಗಿದೆ ಅಂತ ಇಬ್ಬರೂ ನೋಡಿಯೇ ಇಲ್ಲ. ಒಬ್ಬರು ಎತ್ತೋಣ ಅಂದರು, ಇನ್ನೊಬ್ಬರು ಎಲ್ಲಾ ಬದಲಿಸೋಣ ಅಂದರು. ಗಾಡಿ ಯಾಕೆ ವಾಲಿದೆ ಅಂತ ಇಬ್ಬರೂ ಹೇಳಿಲ್ಲ, ಅಲ್ವಾ?

ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಸ್ಟೇರಿಂಗ್ ಮಾತು. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುತ್ತವೆ. ಹಾಗಾಗಿ ಗಾಡಿ ಎಳೆದರೆ ಎಡಕ್ಕೆ ಎಳೆಯಬೇಕು, ನೀವು ಬಲಕ್ಕೆ ತಿದ್ದಬೇಕು. ನಿಮ್ಮದು ಉಲ್ಟಾ. ಗಾಡಿ ಬಲಕ್ಕೆ ಹೋಗುತ್ತಿದೆ. ಅಂದರೆ ಹಿಂದಿನ ಹೌಸಿಂಗ್ (ಹಿಂದಿನ ಎರಡೂ ಚಕ್ರ ಕೂತಿರುವ ಅಡ್ಡ ಆಕ್ಸಲ್) ಓರೆಯಾಗಿ ಕೂತಿರಬಹುದು.

ಇವತ್ತು ಸಂಜೆ ಒಂದು ಟೇಪು ತಗೊಳ್ಳಿ. ಸಮತಟ್ಟು ಜಾಗ, ಗಾಡಿ ಖಾಲಿ, ಟೈರ್ ಗಾಳಿ ಎರಡೂ ಬದಿ ಒಂದೇ ಇರಲಿ, ಮುಂದಿನ ಚಕ್ರ ನೇರ ಇರಲಿ. ಮುಂದಿನ ಹಬ್ (ಚಕ್ರದ ನಡುಭಾಗ) ನಡುವಿನಿಂದ ಹಿಂದಿನ ಹಬ್ ನಡುವಿಗೆ ಅಳೆಯಿರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಆಮೇಲೆ ಹಿಂದಿನ ಹೌಸಿಂಗ್ ಮೇಲ್ಭಾಗದಿಂದ ಚಾಸಿಸ್ (ಗಾಡಿಯ ಉಕ್ಕಿನ ಚೌಕಟ್ಟು) ಕೆಳ ಅಂಚಿಗೆ ಎರಡೂ ಬದಿ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಸವೆತ ಲೆಕ್ಕ ಕೆಡಿಸುತ್ತದೆ. ನಾಲ್ಕು ನಂಬರ್ ಇಲ್ಲಿ ಹಾಕಿ.

ಕೆಎ 31 ಸವಾರಿ
ಟೇಪು ಹಿಡಿದು ಅಳೆದರೆ ಪಾಟಾ ಸರಿಯಾಗ್ತದಾ? ಹಳೇ ಗಾಡಿ, ಪಾಟಾ ಕೂತಿದೆ, ಅಷ್ಟೇ. ನಮ್ಮ ಕಡೆ ಎಲ್ಲರೂ ಒಂದು ಬ್ಲೇಡ್ ಜಾಸ್ತಿ ಹಾಕಿಯೇ ಓಡಿಸುವುದು.

ಕಾರವಾರ ಡಿಪ್ಲೊಮಾ
ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ. ಆದರೆ ಲೆಕ್ಕ ನೋಡಿ. ಬ್ಲೇಡಿನ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಎಂಎಂ ಬ್ಲೇಡ್ ಇದ್ದ ಕಡೆ 8 ಎಂಎಂ ಹಾಕಿದರೆ ಆ ಒಂದು ಬ್ಲೇಡ್ ಸುಮಾರು 2.4 ಪಟ್ಟು ಗಡಸು. ಖಾಲಿ ಗಾಡಿ ಕಲ್ಲಿನ ಹಾಗೆ ಕುಣಿಯುತ್ತದೆ. ಆ ಹೊಡೆತ ಪಾಟಾ ತಿನ್ನುವುದಿಲ್ಲ, ಬ್ರ್ಯಾಕೆಟ್ ತಿನ್ನುತ್ತದೆ, ರಿವೆಟ್ ತಿನ್ನುತ್ತದೆ, ಚಾಸಿಸ್ ತಿನ್ನುತ್ತದೆ. ಕರಾವಳಿಯ ಹಳೇ ಚಾಸಿಸ್ ಮೊದಲೇ ತುಕ್ಕು ಹಿಡಿದಿರುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಚಾಸಿಸ್ ಮೇಲೆ ವಾಲ್ವ್, ಅದರಿಂದ ಒಂದು ಸರಳು ಹೌಸಿಂಗಿಗೆ. ಲೋಡ್ ಬಿದ್ದು ಚಾಸಿಸ್ ಕೆಳಗಿಳಿದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ನೀವು ಬ್ಲೇಡ್ ಹಾಕಿ ಎತ್ತಿಬಿಟ್ಟರೆ ಲೋಡ್ ಇದ್ದರೂ ವಾಲ್ವ್ ಗಾಡಿ ಖಾಲಿ ಅಂತ ತಿಳಿದುಕೊಳ್ಳುತ್ತದೆ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಒಂದು ಟನ್ ಮೀನು ಹಾಕಿಕೊಂಡು ಇಳಿಜಾರಿನಲ್ಲಿ ಎಲ್ಲಾ ಕೆಲಸ ಮುಂದಿನ ಬ್ರೇಕಿನ ಮೇಲೆ. ನಿಮ್ಮ ಗಾಡಿಯಲ್ಲಿ ಆ ಸರಳು ಇದೆಯಾ ಅಂತ ಕೆಳಗೆ ಬಗ್ಗಿ ನೋಡಿ. ಇದ್ದರೆ ಎತ್ತರ ಬದಲಾದ ಮೇಲೆ ಅದನ್ನೂ ಸೆಟ್ ಮಾಡಿಸಲೇಬೇಕು.

ಕೆಎ 31 ಸವಾರಿ
ಈ ವಾಲ್ವ್ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಗಾಡಿಯಲ್ಲೂ ಒಂದು ಸರಳು ಇದೆ. ಬ್ಲೇಡ್ ಹಾಕಿದವರು ಅದನ್ನು ತಂತಿಯಿಂದ ಕಟ್ಟಿಟ್ಟಿದ್ದಾರೆ!

ಕಾರವಾರ ಡಿಪ್ಲೊಮಾ
ನಾಳೆಯೇ ಬಿಚ್ಚಿಸಿ ನೋಡಿಸಿ. ನಿಜವಾಗಿ ಹೇಳುತ್ತಿದ್ದೇನೆ, ಮುಂದೆ ಹಾಕಬೇಡಿ.

ತೋಟದಮನೆ, ಸಿದ್ದಾಪುರ
ನಾನು ಅಡಿಕೆ ತೋಟದ ಗಾಡಿ ನಾನೇ ಓಡಿಸುತ್ತೇನೆ, ಗೊಬ್ಬರ, ಸೊಪ್ಪು, ಅಡಿಕೆ ಚೀಲ ಎಲ್ಲಾ. ಹೋದ ವರ್ಷ ನಮ್ಮ ಗಾಡಿಯೂ ವಾಲುತ್ತಿತ್ತು. ಶಾಕ್ ಅಬ್ಸರ್ಬರ್ ಹೋಗಿದೆ ಅಂತ ಹೇಳಿ ಎರಡು ಬದಲಿಸಿದರು. ದುಡ್ಡು ಹೋಯಿತು, ಗಾಡಿ ಹಾಗೇ ವಾಲಿಕೊಂಡು ನಿಂತಿತು. ಆಮೇಲೆ ನೋಡಿದರೆ ಶ್ಯಾಕಲ್ ಬುಶ್ (ಪಾಟಾದ ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿಯ ರಬ್ಬರ್) ಪೂರ್ತಿ ಸವೆದಿತ್ತು, ಒಂದು ಬ್ಲೇಡ್ ಕ್ಲಿಪ್ಪಿನ ಒಳಗೆ ತುಂಡಾಗಿತ್ತು. ಕ್ಲಿಪ್ ಹಿಡಿದುಕೊಂಡಿದ್ದರಿಂದ ಹೊರಗಿನಿಂದ ಕಾಣುತ್ತಿರಲಿಲ್ಲ.

ಗಾಡಿ ವಾಲಲು ಶಾಕ್ ಅಬ್ಸರ್ಬರ್ ಕಾರಣ ಅಲ್ಲ. ಅದು ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತದೆ ಅಷ್ಟೇ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಯಲ್ಲಾಪುರ ಹಳೇ ಡ್ರೈವರ್
ತಂಗಿ ಹೇಳಿದ್ದು ಸರಿ. ನನ್ನ ಒಂದು ಅನುಭವ ಹೇಳುತ್ತೇನೆ. ದೇವಿಮನೆ ಘಟ್ಟ, ಮಳೆಗಾಲ, ರಾತ್ರಿ ಹತ್ತರ ಮೇಲೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುತ್ತಿದ್ದೆ. ಹಿಂದಿನಿಂದ ಕೋವಿ ಹೊಡೆದ ಹಾಗೆ ಸದ್ದು. ಗಾಡಿ ತನ್ನಷ್ಟಕ್ಕೆ ಅಡ್ಡ ತಿರುಗಲು ಹೋಯಿತು. ಹೇಗೋ ಗುಡ್ಡದ ಬದಿಗೆ ತಂದು ನಿಲ್ಲಿಸಿದೆ. ಟಾರ್ಚ್ ಹಾಕಿ ನೋಡಿದರೆ ಎಲ್ಲಕ್ಕಿಂತ ಉದ್ದದ ಮೇನ್ ಬ್ಲೇಡ್ ಮುಂದಿನ ಕಣ್ಣಿನ (ತುದಿಯಲ್ಲಿ ಬೋಲ್ಟ್ ಹಾಕುವ ಸುರುಳಿ) ಹತ್ತಿರ ಕಡಿದಿದೆ. ಎಡ ಚಕ್ರ ಹಿಂದೆ ಸರಿದು ಬಾಡಿಗೆ ತಾಗಿದೆ.

ಮೇನ್ ಬ್ಲೇಡಿನ ಮುಂದಿನ ಅರ್ಧ ಬರೀ ಸ್ಪ್ರಿಂಗ್ ಅಲ್ಲ. ಹೌಸಿಂಗನ್ನು ಜಾಗದಲ್ಲಿ ಹಿಡಿದಿಡುವುದು ಅದೇ. ಅದು ಹೋದರೆ ಹಿಂದಿನ ಚಕ್ರ ಹಿಡಿಯಲು ಏನೂ ಇಲ್ಲ. ಎರಡನೇ ಬ್ಲೇಡ್ ಕಣ್ಣಿನ ಸುತ್ತ ಮಡಚಿದ್ದರೆ ಅದು ಸ್ವಲ್ಪ ಕಾಪಾಡುತ್ತದೆ. ನನ್ನದರಲ್ಲಿ ಅದನ್ನು ಹಿಂದೆ ಯಾರೋ ಬದಲಿಸಿ ಮೋಟು ಬ್ಲೇಡ್ ಹಾಕಿದ್ದರು. ಬೆಳಗಿನ ತನಕ ಅಲ್ಲೇ ಕೂತಿದ್ದೆ. ಘಟ್ಟದ ಮಳೆ ಗೊತ್ತಲ್ಲ.

ಬೇಲೆಕೇರಿಯವರೇ, ಅಳತೆ ಹಾಕುವ ತನಕ ಲೋಡ್ ಹಾಕಿ ಅರಬೈಲ್ ಹತ್ತಬೇಡಿ.

ಬೇಲೆಕೇರಿ ಪಿಕಪ್
ಅಳೆದೆ. ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಎಡಗಡೆ ಬಲಗಡೆಗಿಂತ 14 ಎಂಎಂ ಜಾಸ್ತಿ. ಎತ್ತರ ಎಡಗಡೆ 32 ಎಂಎಂ ಕಡಿಮೆ. ಮೂರು ಸಲ ಅಳೆದೆ, ಮಗಳು ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಮೂರು ಸಲವೂ ಹೆಚ್ಚು ಕಡಿಮೆ ಅದೇ ಬಂತು.

ವಾಲ್ವಿನ ಸರಳು ನನ್ನ ಗಾಡಿಯಲ್ಲಿ ಇಲ್ಲ.

ಕುಮಟಾ ಪಾನಾ
ನನಗೆ ಇದೇ ಅನುಮಾನ ಇತ್ತು. ಎಡ ಚಕ್ರ 14 ಎಂಎಂ ಹಿಂದೆ ಹೋಗಿದೆ. ಹಿಂದಿನ ಚಕ್ರಗಳು ಗಾಡಿಯ ಹಿಂಭಾಗವನ್ನು ಎಡಕ್ಕೆ ತಳ್ಳುತ್ತಿವೆ, ಮೂತಿ ಬಲಕ್ಕೆ ತಿರುಗುತ್ತಿದೆ. ಅದಕ್ಕೇ ನೀವು ಸ್ಟೇರಿಂಗ್ ಎಡಕ್ಕೆ ಹಿಡಿಯುವುದು.

ಹೀಗಾಗಲು ದೊಡ್ಡ ಕಾರಣ ಸೆಂಟರ್ ಬೋಲ್ಟ್ ಕಡಿದಿರುವುದು. ಪಾಟಾದ ಎಲ್ಲಾ ಬ್ಲೇಡುಗಳನ್ನು ನಡುವೆ ಪೋಣಿಸುವ ಬೋಲ್ಟ್ ಅದು. ಅದರ ತಲೆ ಹೌಸಿಂಗ್ ಮೇಲಿನ ತೂತಿನಲ್ಲಿ ಕೂತಿರುತ್ತದೆ. ಆದರೆ ಅದು ತಾನಾಗಿ ಕಡಿಯುವುದಿಲ್ಲ. ಪಾಟಾವನ್ನು ಹೌಸಿಂಗಿಗೆ ಬಿಗಿದಿಡುವ ಯು ಬೋಲ್ಟ್ ಸಡಿಲ ಆದಾಗ ಎಲ್ಲಾ ಜಗ್ಗಾಟ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ, ಆಗ ಕಡಿಯುತ್ತದೆ. ಬ್ಲೇಡ್ ಕೂಡ ನಡುವಿನ ತೂತಿನ ಹತ್ತಿರವೇ ಬಿರುಕು ಬಿಡುತ್ತದೆ. ಎಲ್ಲದಕ್ಕೂ ಮೂಲ ಆ ನಾಲ್ಕು ಯು ಬೋಲ್ಟು. ಬೆಲೆ ನೋಡಿದರೆ ಇಡೀ ಕೆಲಸದಲ್ಲಿ ಅದೇ ಅಗ್ಗ.

ವಾಲುವುದು ಹಿಂದಿನಿಂದಲೋ ಮುಂದಿನಿಂದಲೋ ಅಂತಲೂ ಒಮ್ಮೆ ಖಾತ್ರಿ ಮಾಡಿ. ಹಿಂದಿನ ಕ್ರಾಸ್ ಮೆಂಬರಿನ (ಚಾಸಿಸ್‌ನ ಅಡ್ಡ ಪಟ್ಟಿ) ಸರಿ ನಡುವೆ ಜಾಕ್ ಕೊಟ್ಟು, ಹಿಂದಿನ ಪಾಟಾದ ಮೇಲಿನ ಭಾರ ಇಳಿಯುವ ತನಕ ಎತ್ತಿ. ಡಿಫರೆನ್ಶಿಯಲ್ ಕೆಳಗೆ ಕೊಡಬೇಡಿ, ಚಾಸಿಸ್‌ಗೇ ಕೊಡಿ. ಆಗ ಕ್ಯಾಬಿನ್ ಸಮ ಆದರೆ ತಪ್ಪು ಹಿಂದೆ. ಆಗಲೂ ವಾಲಿಯೇ ಇದ್ದರೆ ಮುಂದಿನ ಪಾಟಾ ನೋಡಬೇಕು. ಮುಂದಿನ ಚಕ್ರಕ್ಕೆ ಎರಡೂ ಬದಿ ಅಡೆ ಕೊಡಿ.

ಕೆಎ 47
ಒಂದು ಮಾತು ಸೇರಿಸುತ್ತೇನೆ. ಗಾಡಿ ಎತ್ತಿ ಕೆಳಗೆ ಚಿರೇಕಲ್ಲು ಇಡಬೇಡಿ. ನಮ್ಮ ಹೊನ್ನಾವರ ಕಡೆ ಎಲ್ಲರ ಅಂಗಳದಲ್ಲೂ ಕಲ್ಲು ಬಿದ್ದಿರುತ್ತದೆ, ಸುಲಭ ಅಂತ ಅದನ್ನೇ ಇಡುತ್ತಾರೆ. ಭಾರ ಒಂದೇ ಮೂಲೆಗೆ ಬಿದ್ದರೆ ಅದು ಹೇಳದೆ ಪುಡಿ ಆಗುತ್ತದೆ. ಮಳೆಯಲ್ಲಿ ನೆನೆದ ಕಲ್ಲಂತೂ ಬೇಡವೇ ಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಅಡ್ಡ ಉದ್ದ ಜೋಡಿಸಿ. ನಮ್ಮ ಊರಲ್ಲಿ ಒಬ್ಬರ ಕಾಲು ಹೋಗಿದೆ ಇದರಿಂದ.

ಶರಾವತಿ ದಂಡೆ
ಪಾಟಾ ಹೊಸದು ಯಾಕೆ, ಹಳೆಯದನ್ನೇ ಬೆಂಡ್ ಏರಿಸಿ ಕೊಡುತ್ತಾರಲ್ಲ? ಅರ್ಧ ದುಡ್ಡಲ್ಲಿ ಆಗುತ್ತದೆ.

ಕುಮಟಾ ಪಾನಾ
ಹೇಗೆ ಏರಿಸುತ್ತಾರೆ ಅನ್ನುವುದರ ಮೇಲೆ ಇದೆ. ಬ್ಲೇಡ್ ಪೂರ್ತಿ ಕುಲುಮೆಯಲ್ಲಿ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸಿ ಟೆಂಪರ್ ಕೊಟ್ಟರೆ ಅದು ನಿಲ್ಲುತ್ತದೆ. ಅದನ್ನು ಸರಿಯಾಗಿ ಮಾಡುವವರು ಕಡಿಮೆ. ಹೆಚ್ಚಿನವರು ಗ್ಯಾಸ್ ಬೆಂಕಿಯಲ್ಲಿ ನಡುವೆ ಒಂದು ಕಡೆ ಕೆಂಪು ಮಾಡಿ ಸುತ್ತಿಗೆಯಿಂದ ಬಾಗಿಸುತ್ತಾರೆ. ಆ ಜಾಗದಲ್ಲಿ ಟೆಂಪರ್ ಹೋಯಿತು. ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ, ಇಲ್ಲ ಅಲ್ಲೇ ಮುರಿಯುತ್ತದೆ. ತಣ್ಣಗೆ ಬಡಿದು ಬಾಗಿಸಿದ್ದು ಇದಕ್ಕಿಂತ ಮೇಲು, ಆದರೂ ಹೊಸದರಷ್ಟು ಕಾಲ ನಿಲ್ಲುವುದಿಲ್ಲ.

ಮುರಿದ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವವರೂ ಇದ್ದಾರೆ. ಸ್ಪ್ರಿಂಗ್ ಉಕ್ಕಿಗೆ ಹಾಗೆ ವೆಲ್ಡ್ ಹೊಡೆದರೆ ಪಕ್ಕದಲ್ಲೇ ಗಾಜಿನ ಹಾಗೆ ಬಿರುಸಾಗಿ ಮುರಿಯುತ್ತದೆ. ಯಾರು ಎಷ್ಟೇ ಭರವಸೆ ಕೊಟ್ಟರೂ ಒಪ್ಪಬೇಡಿ.

ಶರಾವತಿ ದಂಡೆ
ಹಾಗಾದರೆ ಹುಬ್ಬಳ್ಳಿ ಗುಜರಿಯಿಂದ ತಂದರೆ?

ಯಲ್ಲಾಪುರ ಹಳೇ ಡ್ರೈವರ್
ಗುಜರಿಯ ಪಾಟಾ ಎಷ್ಟು ಲೋಡ್ ಹೊತ್ತಿದೆ ಅಂತ ಯಾರಿಗೆ ಗೊತ್ತು? ಶ್ಯಾಕಲ್ ಪ್ಲೇಟ್, ಬ್ರ್ಯಾಕೆಟ್ ಬೇಕಿದ್ದರೆ ತನ್ನಿ, ತುಕ್ಕು ನೋಡಿ ತನ್ನಿ. ಬ್ಲೇಡ್ ಬೇಡ.

ತೋಟದಮನೆ, ಸಿದ್ದಾಪುರ
ನಾನು ಸ್ವಲ್ಪ ಒಪ್ಪುವುದಿಲ್ಲ. ಅಪಘಾತದಲ್ಲಿ ಮುಂದೆ ಜಜ್ಜಿದ, ಹೆಚ್ಚು ಓಡದ ಗಾಡಿಯ ಹಿಂದಿನ ಪಾಟಾ ಪೂರ್ತಿ ಸೆಟ್ ನಮಗೆ ಒಳ್ಳೆಯದೇ ಸಿಕ್ಕಿತ್ತು. ಬ್ಲೇಡ್ ಬಿಡಿಸಿ, ಉಜ್ಜಿ, ನಡುವಿನ ತೂತಿನ ಸುತ್ತ ಬಿರುಕು ನೋಡಿ ತಗೊಂಡೆವು. ಹತ್ತು ಗಾಡಿ ನೋಡಿದ ಮೇಲೆ ಒಂದು ಸಿಗುತ್ತದೆ. ಅಷ್ಟು ಸಮಯ ಇದ್ದವರು ನೋಡಬಹುದು.

ಬೈತಖೋಲ್ ದೋಣಿ
ಮೀನಿನ ಗಾಡಿ ಅಂದ ಮೇಲೆ ಪಾಟಾ ಎಷ್ಟು ಬದಲಿಸಿದರೂ ಉಪ್ಪುನೀರು ನಿಲ್ಲದಿದ್ದರೆ ಮತ್ತೆ ಅದೇ ಕಥೆ. ಐಸ್ ಕರಗಿದ ನೀರು ಮೀನಿನ ಉಪ್ಪು ಸೇರಿ ಸೀದಾ ಹಿಂದಿನ ಪಾಟಾ ಮೇಲೆ ಸುರಿಯುತ್ತದೆ. ನಿಮ್ಮ ಬಾಡಿಯ ನೀರು ಹೋಗುವ ತೂತು ಎಡಗಡೆಯೇ ಇದೆಯಾ ನೋಡಿ.

ಬೇಲೆಕೇರಿ ಪಿಕಪ್
ಎಡಗಡೆಯೇ ಇದೆ! ಹಿಂದಿನ ಎಡ ಚಕ್ರದ ಸ್ವಲ್ಪ ಮುಂದೆ. ಇದು ನನ್ನ ತಲೆಗೇ ಬಂದಿರಲಿಲ್ಲ.

ಬೈತಖೋಲ್ ದೋಣಿ
ಹಾಗಾದರೆ ಒಂದು ಪೈಪ್ ಹಾಕಿ ಆ ನೀರನ್ನು ಪಾಟಾ, ಬ್ರೇಕ್ ಲೈನ್ ಎರಡನ್ನೂ ದಾಟಿ ಹಿಂದಕ್ಕೆ ಬಿಡಿ. ಪ್ರತಿ ಟ್ರಿಪ್ ಆದ ಮೇಲೆ ಸಿಹಿನೀರಿನಿಂದ ಕೆಳಗೆ ತೊಳೆಯಿರಿ. ನಾವು ಮರದ ದೋಣಿಗೆ ಗೇರು ಸಿಪ್ಪೆ ಎಣ್ಣೆ ಹಚ್ಚುತ್ತೇವೆ, ಹುಳ ಹಿಡಿಯುವುದಿಲ್ಲ, ನೀರೂ ಕುಡಿಯುವುದಿಲ್ಲ. ಕುಮಟಾ ಗೇರು ಕಾರ್ಖಾನೆ ಕಡೆ ಸಿಗುತ್ತದೆ. ಚಾಸಿಸ್‌ಗೂ ಹಚ್ಚುವವರಿದ್ದಾರೆ.

ಕೆಎ 47
ನನ್ನ ಅಜ್ಜ ದೋಣಿಗೆ ಅದನ್ನೇ ಹಚ್ಚುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಟ್ಟು ಹೋಗುತ್ತದೆ, ಕೊಬ್ಬರಿ ಎಣ್ಣೆ ಸವರಿಕೊಂಡೇ ಕೆಲಸ ಮಾಡುತ್ತಿದ್ದರು. ಈಗ ಫೈಬರ್ ದೋಣಿ ಬಂದ ಮೇಲೆ ಆ ವಾಸನೆಯೇ ಮರೆತು ಹೋಯಿತು.

ಬೈತಖೋಲ್ ದೋಣಿ
ನಮ್ಮ ಮನೆಯಲ್ಲಿ ಒಂದು ಮರದ ಪಾತಿ ದೋಣಿ ಇನ್ನೂ ಇದೆ. ವರ್ಷಕ್ಕೊಮ್ಮೆ ನಿಷೇಧದ ಸಮಯದಲ್ಲೇ ಹಚ್ಚುವುದು.

ಕುಮಟಾ ಪಾನಾ
ಚಾಸಿಸ್‌ಗೆ ಹಚ್ಚುವುದಾದರೆ ರಬ್ಬರ್ ಬುಶ್, ಬ್ರೇಕ್ ಹೋಸ್, ಡ್ರಮ್ ಇವುಗಳಿಗೆ ಒಂದು ಹನಿಯೂ ತಾಗಬಾರದು. ಸುಟ್ಟ ಎಂಜಿನ್ ಆಯಿಲ್ ಹಚ್ಚುವವರಿಗೂ ಇದೇ ಮಾತು. ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಬುಶ್‌ಗೆ ಗ್ರೀಸ್ ಹಚ್ಚಿ ಹಾಕುವ ಚಟ ನಮ್ಮ ಕಡೆ ಜಾಸ್ತಿ, ಅದೂ ತಪ್ಪು. ರಬ್ಬರ್ ಬುಶ್ ಒಣಗಿಯೇ ಕೂರಬೇಕು. ತೀರಾ ಬಿಗಿ ಇದ್ದರೆ ಸೋಪು ನೀರು ಸಾಕು.

ಕೆಎ 31 ಸವಾರಿ
ಬ್ಲೇಡುಗಳ ನಡುವೆಯಾದರೂ ಗ್ರೀಸ್ ಹಾಕಬಹುದಲ್ಲ? ನಮ್ಮ ಮೇಸ್ತ್ರಿ ಯಾವಾಗಲೂ ಹಾಕುತ್ತಾರೆ.

ಕಾರವಾರ ಡಿಪ್ಲೊಮಾ
ಹಾಕಬಾರದು. ಬ್ಲೇಡುಗಳ ನಡುವಿನ ಉಜ್ಜುವಿಕೆಯೇ ಕುಣಿತವನ್ನು ಸ್ವಲ್ಪ ಹಿಡಿಯುತ್ತದೆ. ಗ್ರೀಸಿಗೆ ಮರಳು ಅಂಟಿದರೆ ಉಜ್ಜುಕಾಗದದ ಹಾಗೆ ಸವೆಸುತ್ತದೆ.

ಕುಮಟಾ ಪಾನಾ
ಇಲ್ಲಿ ನಾನು ನಿಮ್ಮ ಜೊತೆ ಇಲ್ಲ. ಘಟ್ಟದ ಮೇಲೆ ನಿಮ್ಮ ಮಾತು ಸರಿ. ಸಮುದ್ರದ ಪಕ್ಕದಲ್ಲಿ ಬ್ಲೇಡುಗಳ ನಡುವೆ ತುಕ್ಕು ಪದರ ಪದರವಾಗಿ ಊದಿ ಬ್ಲೇಡ್ ಅಂಟಿಕೊಂಡು ಬಿಡುತ್ತದೆ. ಅಂಟಿದ ಪಾಟಾ ಜಾರುವುದಿಲ್ಲ, ಬಗ್ಗುವುದಿಲ್ಲ. ತುಕ್ಕಿನ ಗುಳಿಯಿಂದಲೇ ಬಿರುಕು ಶುರು. ಜೋಡಿಸುವಾಗ ತೆಳ್ಳಗೆ ಗ್ರ್ಯಾಫೈಟ್ ಗ್ರೀಸ್ ಸವರಿ. ದಪ್ಪ ಬೇಡ. ಮೀನಿನ ಗಾಡಿಗೆ ನಾನು ಹೀಗೇ ಮಾಡುವುದು.

ಕಾರವಾರ ಡಿಪ್ಲೊಮಾ
ತೆಳ್ಳಗೆ ಅಂದರೆ ಒಪ್ಪುತ್ತೇನೆ. ಕಪ್ಪು ಗ್ರೀಸ್ ಮೆತ್ತಿ ಹೊರಗೆ ಸುರಿಯುವ ಹಾಗೆ ಹಾಕುವುದನ್ನು ಕಂಡು ಹೇಳಿದೆ.

ಯಲ್ಲಾಪುರ ಹಳೇ ಡ್ರೈವರ್
ಇದರ ನಡುವೆ ರಸ್ತೆಯ ಮಾತೂ ಬರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತಲ್ಲ, ಆಗ ನಾವು ಲೋಡ್ ಹಾಕಿಕೊಂಡು ಸುತ್ತು ಹೊಡೆದ ರಸ್ತೆಗಳು ಇನ್ನೂ ಕಣ್ಣ ಮುಂದೆ ಇವೆ. ಆ ಮಳೆಗಾಲದಲ್ಲಿ ನನ್ನ ಗಾಡಿಯ ಬುಶ್ ಎಲ್ಲಾ ಮುಗಿದವು. ಹೋದ ಜೀವಗಳ ಮುಂದೆ ಬುಶ್ ಯಾವ ಲೆಕ್ಕ, ಬಿಡಿ. ಗಂಗಾವಳಿ ನದಿ ದಾಟುವಾಗ ಈಗಲೂ ಮಾತು ನಿಲ್ಲುತ್ತದೆ.

ಕೆಎ 47
ಅದೇ ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಲಾರಿ ನೀರಿಗೆ ಹೋಯಿತು, ಚಾಲಕನನ್ನು ಮೀನುಗಾರರೇ ಎತ್ತಿದರು. ಆ ವರ್ಷ ನಮ್ಮ ಜಿಲ್ಲೆಯ ಡ್ರೈವರ್‌ಗಳಿಗೆ ಮರೆಯುವಂಥದ್ದಲ್ಲ.

ತೋಟದಮನೆ, ಸಿದ್ದಾಪುರ
ಬೇಲೆಕೇರಿಯವರೇ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಯಾವಾಗ? ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಮಾಡಿಸಬೇಕಲ್ಲ. ಹತ್ತಿರ ಇದ್ದರೆ ಈ ಕೆಲಸ ಮುಗಿಸಿಯೇ ಹೋಗಿ. ಮತ್ತೆ ಬಿಲ್ ಕೇಳಿ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ದರ ಹೇಳುವವರು ಇನ್ನೂ ಇದ್ದಾರೆ.

ಬೇಲೆಕೇರಿ ಪಿಕಪ್
ಎಫ್‌ಸಿ ಆಗಸ್ಟ್‌ನಲ್ಲಿ. ಜಿಎಸ್‌ಟಿ ಮಾತು ನೆನಪಿಟ್ಟುಕೊಂಡೆ. ಜೂನ್ ಮೊದಲ ವಾರ ಬಿಚ್ಚಿಸುತ್ತೇನೆ. ಬಿಚ್ಚುವ ಮೊದಲು ನಾನೇ ಏನಾದರೂ ಮಾಡಿ ಇಡಬೇಕಾ? ಲೇಬರ್ ಉಳಿಸಬೇಕು.

ಕುಮಟಾ ಪಾನಾ
ಮೂರು ದಿನ ಮೊದಲೇ ತಂತಿ ಬ್ರಷ್ ಹಿಡಿದು ಎಲ್ಲಾ ನಟ್, ಶ್ಯಾಕಲ್ ಪಿನ್ ಉಜ್ಜಿ. ದಿನಕ್ಕೆ ಎರಡು ಸಲ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹಳೇ ಯು ಬೋಲ್ಟ್ ಬಿಡಿಸಲು ಒದ್ದಾಡಬೇಡಿ, ಗ್ರೈಂಡರ್‌ನಲ್ಲಿ ಕತ್ತರಿಸಿ. ಅವನ್ನು ಮತ್ತೆ ಬಳಸಬಾರದು, ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ. ಬರೀ ಇಷ್ಟಕ್ಕೇ ಮೇಸ್ತ್ರಿಯ ಅರ್ಧ ದಿನ ಉಳಿಯುತ್ತದೆ.

ಜೋಡಿಸುವಾಗ ಒಂದೇ ಒಂದು ವಿಷಯಕ್ಕೆ ನೀವು ಪಕ್ಕದಲ್ಲಿ ನಿಂತಿರಿ. ಬುಶ್ ಬೋಲ್ಟುಗಳನ್ನು ಗಾಡಿ ಗಾಳಿಯಲ್ಲಿ ಇದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಭಾರ ಪಾಟಾ ಮೇಲೆ ಬಿದ್ದ ನಂತರ ಬಿಗಿಯಬೇಕು. ಮೇಲೆ ಇದ್ದಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಗಡಿಬಿಡಿಯಲ್ಲಿ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಶರಾವತಿ ದಂಡೆ
ಒಂದೇ ಬದಿ ಹಾಳಾಗಿದ್ದರೆ ಒಂದೇ ಬದಿ ಬದಲಿಸಿದರೆ ಸಾಕಲ್ಲ? ಅರ್ಧ ಉಳಿಯಿತು.

ಯಲ್ಲಾಪುರ ಹಳೇ ಡ್ರೈವರ್
ಬೇಡ. ಒಂದು ಕಡೆ ಹೊಸ ಬ್ಲೇಡ್, ಇನ್ನೊಂದು ಕಡೆ ಹದಿನೈದು ವರ್ಷದ ಬ್ಲೇಡ್ ಇದ್ದರೆ ಗಾಡಿ ಹಳೇ ಬ್ಲೇಡಿನ ಕಡೆಗೆ ವಾಲುತ್ತದೆ. ಶಾಕ್ ಅಬ್ಸರ್ಬರ್ ಕೂಡ ಜೋಡಿಯಾಗಿಯೇ.

ಬೇಲೆಕೇರಿ ಪಿಕಪ್
ಕೆಲಸ ಆಯಿತು. ಮಳೆ ಹಿಡಿದಿತ್ತು, ಎರಡು ದಿನ ಬದಲು ನಾಲ್ಕು ದಿನ ಬೇಕಾಯಿತು. ಬರೆಯಲೇಬೇಕು ಅಂತ ಕೂತೆ.

ಎಡಗಡೆ ಸೆಂಟರ್ ಬೋಲ್ಟ್ ಎರಡು ತುಂಡು. ಕುಮಟಾ ಪಾನಾ ಅವರು ಹೇಳಿದ ಹಾಗೇ ಯು ಬೋಲ್ಟ್ ಎರಡೂ ಸಡಿಲ. ಒಂದರ ನಟ್ ಕೈಯಲ್ಲೇ ತಿರುಗಿತು. ಎರಡನೇ ಬ್ಲೇಡ್ ನಡುವಿನ ತೂತಿನಲ್ಲಿ ಕಡಿದಿತ್ತು. ಮುರಿದ ಜಾಗದಲ್ಲಿ ಅರ್ಧ ಹಳೇ ತುಕ್ಕು, ಅರ್ಧ ಹೊಸ ಹೊಳಪು. ಅಂದರೆ ಎಷ್ಟೋ ದಿನದಿಂದ ಬಿರುಕು ಇತ್ತು. ಮೇನ್ ಬ್ಲೇಡಿನಲ್ಲೂ ಅದೇ ಜಾಗದಲ್ಲಿ ಕೂದಲಿನ ಹಾಗೆ ಗೆರೆ. ಅದನ್ನು ನೋಡಿದಾಗ ಕೈ ನಡುಗಿತು. ಮೇ ಕೊನೆಯಲ್ಲಿ ಅದೇ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಘಟ್ಟ ಹತ್ತಿದ್ದೆ.

ಎರಡೂ ಬದಿಯ ಮೇನ್ ಮತ್ತು ಎರಡನೇ ಬ್ಲೇಡ್ ಹೊಸದು ಹಾಕಿಸಿದೆ, ನಾಲ್ಕಕ್ಕೆ 6,800. ಕೆಳಗಿನ ಬ್ಲೇಡುಗಳು ಬಿರುಕಿಲ್ಲದೆ ಚೆನ್ನಾಗಿದ್ದವು, ಉಜ್ಜಿ ತೆಳ್ಳಗೆ ಗ್ರ್ಯಾಫೈಟ್ ಸವರಿ ಅವನ್ನೇ ಹಾಕಿದೆವು. ಯು ಬೋಲ್ಟ್ ನಾಲ್ಕು ನಟ್ ಸಮೇತ 1,200. ಸೆಂಟರ್ ಬೋಲ್ಟ್ ಎರಡು 160. ಬುಶ್ ಪೂರ್ತಿ ಸೆಟ್ 900, ಶ್ಯಾಕಲ್ ಪಿನ್ 800. ಹಿಂದಿನ ಶಾಕ್ ಅಬ್ಸರ್ಬರ್ ಒಂದು ಸೋರುತ್ತಿತ್ತು, ಜೋಡಿಗೆ 2,600. ಲೇಬರ್ 3,000. ಒಟ್ಟು 15,460. ಹೆಚ್ಚಿನ ಬ್ಲೇಡ್ ಹಾಕಲಿಲ್ಲ.

ಈಗ ಹಬ್‌ನಿಂದ ಹಬ್‌ಗೆ ಎಡ ಬಲ ವ್ಯತ್ಯಾಸ 2 ಎಂಎಂ. ಎತ್ತರದ ವ್ಯತ್ಯಾಸ 6 ಎಂಎಂ. ಸ್ಟೇರಿಂಗ್ ನಡುವೆ ನಿಲ್ಲುತ್ತದೆ. ನೀರಿನ ಪೈಪ್ ಕೂಡ ಹಾಕಿದೆ.

ಕಾರವಾರ ಡಿಪ್ಲೊಮಾ
ಓದಿ ಸಮಾಧಾನ ಆಯಿತು. ಮೊದಲು ಹೇಳಿದ 5,500ರ ಕೆಲಸ ಮಾಡಿಸಿದ್ದರೆ ಕಡಿದ ಬ್ಲೇಡಿನ ಮೇಲೆ ಇನ್ನೊಂದು ಬ್ಲೇಡ್ ಕೂರುತ್ತಿತ್ತು.

ತೋಟದಮನೆ, ಸಿದ್ದಾಪುರ
ಮಗಳಿಗೆ ಟೇಪು ಹಿಡಿದದ್ದಕ್ಕೆ ಏನಾದರೂ ಕೊಡಿಸಿ!

ಕೆಎ 31 ಸವಾರಿ
ನಾನೂ ನನ್ನ ಗಾಡಿ ತೋರಿಸಿದೆ. ಹೆಚ್ಚಿನ ಬ್ಲೇಡ್ ತೆಗೆಸಿ ವಾಲ್ವ್ ಸರಳು ಮತ್ತೆ ಕೂರಿಸಿದರು. ಒಂದು ಬ್ರ್ಯಾಕೆಟ್ ಹತ್ತಿರ ಚಾಸಿಸ್‌ನಲ್ಲಿ ಸಣ್ಣ ಸೀಳು ಇತ್ತು. ನಾಲ್ಕು ವರ್ಷ ಏನೂ ಆಗಿಲ್ಲ ಅಂದಿದ್ದೆ, ಆ ಮಾತು ತಪ್ಪು. ಇನ್ನು ಅಳತೆ ಮೀರಿ ಹೇರುವುದೂ ನಿಲ್ಲಿಸಬೇಕು. ಸಿಕ್ಕಿಬಿದ್ದರೆ ದಂಡವೇ 20 ಸಾವಿರ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2 ಸಾವಿರ.

ಕುಮಟಾ ಪಾನಾ
ಸೀಳಿನ ತುದಿಗೆ ತೂತು ಕೊರೆದು, ಆಮೇಲೆ ಪ್ಲೇಟ್ ಕೊಟ್ಟು ಕೆಲಸ ಮಾಡುವವರ ಹತ್ತಿರ ಹೋಗಿ. ಮೇಲೆ ಸುಮ್ನೆ ವೆಲ್ಡ್ ಎಳೆಸಬೇಡಿ.

ಬೇಲೆಕೇರಿಯವರೇ, ಲೋಡ್ ಹಾಕಿ 300 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಿರಿ. ಹೊಸ ಬ್ಲೇಡ್ ಕೂತುಕೊಳ್ಳುವಾಗ ಸಡಿಲ ಆಗಿಯೇ ಆಗುತ್ತದೆ. ಟಾರ್ಕ್ ಪಾನಾ ಇರುವ ಕಡೆಯೇ ಬಿಗಿಸಿ, ನಂಬರ್ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಬೇಲೆಕೇರಿ ಪಿಕಪ್
ಆಗಸ್ಟ್ 1ಕ್ಕೆ ದೋಣಿ ಇಳಿಯುತ್ತವೆ. ಮೊದಲ ಎರಡು ಟ್ರಿಪ್ ಆದ ಕೂಡಲೇ ಕುಮಟಾಕ್ಕೆ ಬರುತ್ತೇನೆ, ನಿಮ್ಮಲ್ಲೇ ಬಿಗಿಸುತ್ತೇನೆ. ಉಳಿದ 2,540 ಮುಂದಿನ ಶಾಕ್ ಅಬ್ಸರ್ಬರ್‌ಗೆ ಎತ್ತಿಟ್ಟಿದ್ದೇನೆ. ಮುಂದಿನ ಬುಶ್ ಕೂಡ ಆಗಲೇ ನೋಡಿಬಿಡಿ.

ಕುಮಟಾ ಪಾನಾ
ಬನ್ನಿ. ಬೆಳಿಗ್ಗೆ ಬನ್ನಿ, ಗಾಡಿ ತೊಳೆದುಕೊಂಡು ಬನ್ನಿ.